ಮನೆ ರಿಪೇರಿ ಸಾಲ: ಸಹಿಗೆ ಮುಂಚೆ ಕೈಗೆ ಬರಬೇಕಾದ ಕಾಗದ

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಹೆಂಚಿನ ಮನೆಯಿದೆ. ಪಕಾಸಿ, ರೀಪುಗಳಿಗೆ ಗೆದ್ದಲು ಹಿಡಿದು ಅಡುಗೆಮನೆಯ ಕಡೆಯ ಮಾಡು ಬಾಗಿದೆ. ಈ ಮಳೆಗಾಲಕ್ಕೆ ಮುಂಚೆ ಮಾಡು ಬಿಚ್ಚಿ ಕಬ್ಬಿಣದ ಟ್ರಸ್ ಹಾಕಿಸಿ, ಬಚ್ಚಲುಮನೆಯನ್ನೂ ಸರಿಮಾಡಿಸಬೇಕೆಂದಿದ್ದೇನೆ. ಖರ್ಚು ಸುಮಾರು 6 ಲಕ್ಷ ರೂಪಾಯಿ. ಗುತ್ತಿಗೆದಾರರೇ ಒಂದು ಫೈನಾನ್ಸ್ ಕಂಪನಿಯ ಏಜೆಂಟರನ್ನು ಮನೆಗೆ ಕರೆತಂದಿದ್ದರು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಐದು ವರ್ಷ, ತಿಂಗಳಿಗೆ 16,000 ರೂಪಾಯಿ ಕಂತು, ಶೇ. 2 ಪ್ರೊಸೆಸಿಂಗ್ ಶುಲ್ಕ ಮತ್ತು 18,000 ರೂಪಾಯಿ ವಿಮೆಯನ್ನು ಮೊದಲೇ ಮುರಿದುಕೊಂಡು, ಉಳಿದ ಹಣವನ್ನು ನೇರವಾಗಿ ಗುತ್ತಿಗೆದಾರರ ಖಾತೆಗೆ ಹಾಕುತ್ತಾರಂತೆ. ಸಹಿ ಮಾಡಿದ ನಾಲ್ಕು ಖಾಲಿ ಚೆಕ್ಕು, ಮನೆಯ ಮೂಲ ದಾಖಲೆ ಕೇಳಿದ್ದಾರೆ. ಈ ವಾರವೇ ಸಹಿ ಆಗಬೇಕೆನ್ನುತ್ತಿದ್ದಾರೆ. ನಮಗೆ ಎರಡು ಎಕರೆ ಅಡಿಕೆ ತೋಟವಿದೆ, ಮನೆಗೆ ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಆಗಿದೆ. ಇದು ಸರಿಯಾದ ಸಾಲವೇ? ಗುತ್ತಿಗೆದಾರರು ಕೆಲಸ ಅರ್ಧಕ್ಕೆ ಬಿಟ್ಟರೆ ಏನು ಗತಿ? ಒಂದೆರಡು ಕಂತು ತಪ್ಪಿದರೆ ಮನೆಯನ್ನು ಕಿತ್ತುಕೊಳ್ಳುತ್ತಾರೆಯೇ?

ಉತ್ತರ: ಮೊದಲಿಗೆ ಸಹಿಯ ಅವಸರದ ಮಾತನ್ನು ತೆಗೆದುಕೊಳ್ಳುತ್ತೇನೆ: ಈ ವಾರ ಸಹಿ ಮಾಡಬೇಡಿ. ಮಳೆಗೆ ಮುಂಚೆ ಮಾಡು ಮುಚ್ಚಬೇಕೆಂಬ ಆತಂಕ ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇರುವಂಥದ್ದೇ, ಮತ್ತು ಅದು ನಿಜವಾದ ಆತಂಕ. ಆದರೆ ನಾಲ್ಕು ದಿನದಲ್ಲಿ ಹೆಂಚು ಇಳಿಸುವವರಿಲ್ಲದಿರುವಾಗ ನಾಲ್ಕು ದಿನದಲ್ಲಿ ಸಹಿ ಬೇಕೆನ್ನುವುದಕ್ಕೆ ನಿಮ್ಮ ಮಾಡು ಕಾರಣವಲ್ಲ. ಸಾಲ ಪಡೆಯುವವರಿಗೆ ನಮ್ಮ ದೇಶದಲ್ಲಿ ಈಗ ಸಾಕಷ್ಟು ರಕ್ಷಣೆಯಿದೆ. ಅದರಲ್ಲಿ ಹೆಚ್ಚಿನ ಪಾಲು ಸಹಿ ಬೀಳುವ ಮೊದಲು ಕೆಲಸಕ್ಕೆ ಬರುವಂಥದ್ದು. ಸಹಿಯಾದ ಮೇಲೆ ಉಳಿಯುವ ಹಕ್ಕುಗಳನ್ನು ಪಡೆಯಲು ಪತ್ರ, ದೂರು, ಓಡಾಟಗಳೆಲ್ಲ ಬೇಕಾಗುತ್ತವೆ. ಹಾಗಾಗಿ ನನ್ನ ಉತ್ತರದ ಬಹುಭಾಗ ಸಹಿಗೆ ಮುಂಚಿನ ದಿನಗಳ ಕುರಿತೇ ಇದೆ.

ಏಜೆಂಟರು ಹೇಳಿದ ಬಡ್ಡಿಯ ಲೆಕ್ಕವನ್ನು ಬಿಡಿಸಿ ನೋಡೋಣ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಎಂದರೆ ವರ್ಷಕ್ಕೆ ಶೇ. 12 ಎಂದು ಕಿವಿಗೆ ಹಿತವಾಗಿ ಕೇಳಿಸುತ್ತದೆ. ಆದರೆ ಇದು ಫ್ಲಾಟ್ ಬಡ್ಡಿ. ಐದು ವರ್ಷವೂ ಪೂರ್ತಿ 6 ಲಕ್ಷ ನಿಮ್ಮ ಬಳಿಯೇ ಇದೆಯೆಂದು ಲೆಕ್ಕ ಹಾಕಿ 3,60,000 ರೂಪಾಯಿ ಬಡ್ಡಿ ಸೇರಿಸಿ, ಬಂದ 9,60,000ವನ್ನು ಅರವತ್ತು ತಿಂಗಳಿಗೆ ಹಂಚಿದ್ದಾರೆ. ಆದ್ದರಿಂದಲೇ ಕಂತು ಸರಿಯಾಗಿ 16,000 ಬಂದಿದೆ. ನೀವಾದರೋ ಪ್ರತಿ ತಿಂಗಳೂ ಅಸಲಿನ ಒಂದು ಪಾಲನ್ನು ತೀರಿಸುತ್ತಲೇ ಇರುತ್ತೀರಿ, ನಾಲ್ಕನೆಯ ವರ್ಷ ಮುಗಿಯುವ ಹೊತ್ತಿಗೆ ನಿಮ್ಮ ಬಳಿ ಉಳಿದಿರುವುದು ಅಸಲಿನ ಸಣ್ಣ ಭಾಗ, ಬಡ್ಡಿ ಮಾತ್ರ 6 ಲಕ್ಷದ ಮೇಲೆಯೇ ನಡೆಯುತ್ತಿರುತ್ತದೆ. ಬ್ಯಾಂಕುಗಳು ಹೇಳುವ ಇಳಿಕೆ ಶಿಲ್ಕಿನ ಪದ್ಧತಿಗೆ, ಅಂದರೆ ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಪದ್ಧತಿಗೆ ತಂದರೆ ಈ ಶೇ. 12 ವಾಸ್ತವದಲ್ಲಿ ಸುಮಾರು ಶೇ. 20.3 ಆಗುತ್ತದೆ. ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಪ್ರೊಸೆಸಿಂಗ್ ಶುಲ್ಕ 12,000, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 2,160, ವಿಮೆ 18,000. ಇವನ್ನೆಲ್ಲ ಮುರಿದುಕೊಂಡ ಮೇಲೆ ನಿಮ್ಮ ಕೆಲಸಕ್ಕೆ ಸಿಗುವುದು 5,67,840 ರೂಪಾಯಿ ಮಾತ್ರ, ಆದರೆ ಕಂತು 6 ಲಕ್ಷದ ಲೆಕ್ಕದ್ದೇ. ಕೈಗೆ ಬಂದ ಹಣ ಮತ್ತು ಕಟ್ಟುವ ಕಂತು ಇವೆರಡನ್ನು ಎದುರುಬದುರು ಇಟ್ಟರೆ ವರ್ಷದ ದರ ಶೇ. 23ರ ಹತ್ತಿರ ಹೋಗುತ್ತದೆ. ಹೋಲಿಕೆಗಾಗಿ ಮಾತ್ರ ಹೇಳುತ್ತೇನೆ: ಇದೇ 6 ಲಕ್ಷವನ್ನು ಇಳಿಕೆ ಶಿಲ್ಕಿನಲ್ಲಿ ಶೇ. 11ರ ದರಕ್ಕೆ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು 13,050 ರೂಪಾಯಿಯ ಆಸುಪಾಸಿನಲ್ಲಿರುತ್ತದೆ, ಒಟ್ಟು ಬಡ್ಡಿ ಸುಮಾರು 1,83,000. ಅಂತರ 1,77,000 ರೂಪಾಯಿ. ನಿಮ್ಮ ಬಚ್ಚಲುಮನೆಯ ಖರ್ಚು ಇದರೊಳಗೆ ಮುಗಿಯಬಹುದು.

ಈ ಲೆಕ್ಕವನ್ನು ಸಾಲಗಾರನೇ ಕುಳಿತು ಮಾಡಬೇಕಾಗಿಲ್ಲ, ಸಾಲ ಕೊಡುವವರೇ ಮಾಡಿ ಬರೆದು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಸುತ್ತೋಲೆ ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಚಿಲ್ಲರೆ ಅವಧಿ ಸಾಲಗಳಿಗೂ, ಅಂದರೆ ವ್ಯಕ್ತಿಗಳು ಪಡೆದು ಕಂತಿನಲ್ಲಿ ತೀರಿಸುವ ಸಾಲಗಳಿಗೂ, ಅದು ಅನ್ವಯಿಸುತ್ತದೆ. ವಾಣಿಜ್ಯ ಬ್ಯಾಂಕು, ಸಹಕಾರಿ ಬ್ಯಾಂಕು, ಬ್ಯಾಂಕೇತರ ಹಣಕಾಸು ಕಂಪನಿ, ಗೃಹ ಹಣಕಾಸು ಕಂಪನಿ ಎಲ್ಲವೂ ಅದರಡಿ ಬರುತ್ತವೆ. ಆ ಕಾಗದದ ಹೆಸರು ಪ್ರಮುಖ ಅಂಶಗಳ ವಿವರಪತ್ರ. ಶಾಖೆಗಳಲ್ಲಿ ಕೆಎಫ್‌ಎಸ್ ಎಂದರೆ ಬೇಗ ಅರ್ಥವಾಗುತ್ತದೆ. ಅದರಲ್ಲಿ ಸಾಲದ ಮೊತ್ತ, ಕಂತುಗಳ ಪಟ್ಟಿ, ಎಲ್ಲ ಬಗೆಯ ಶುಲ್ಕಗಳು, ಮತ್ತು ಇವೆಲ್ಲವನ್ನೂ ಒಳಗೊಂಡ ವಾರ್ಷಿಕ ದರ, ಅಂದರೆ ಎಪಿಆರ್, ಇರಲೇಬೇಕು. ವಿಮೆ, ಕಾನೂನು ಅಭಿಪ್ರಾಯದ ಶುಲ್ಕದಂತೆ ಬೇರೆಯವರ ಪರವಾಗಿ ವಸೂಲು ಮಾಡುವ ಹಣವೂ ಎಪಿಆರ್‌ನಲ್ಲಿ ಸೇರಬೇಕು, ಅದಕ್ಕೆ ರಸೀದಿಯನ್ನೂ ಕೊಡಬೇಕು. ನಾನು ಮೇಲೆ ಕಷ್ಟಪಟ್ಟು ತೆಗೆದ ಶೇ. 23 ಎಂಬ ಅಂಕಿ ಆ ಕಾಗದದಲ್ಲಿ ತಾನಾಗಿಯೇ ಅಚ್ಚಾಗಿ ಬರಬೇಕಾದದ್ದು.

ಈ ಕಾಗದದ ನಾಲ್ಕು ಗುಣಗಳನ್ನು ಮನಸ್ಸಿನಲ್ಲಿಡಿ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಹಾಗಾಗಿ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅದನ್ನು ಓದಿ ವಿವರಿಸಿ, ಅರ್ಥವಾಯಿತೆಂದು ನಿಮ್ಮಿಂದ ಒಪ್ಪಿಗೆ ಪಡೆಯಬೇಕು. ಅದು ಕೈಗೆ ಬಂದ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದರ ಷರತ್ತುಗಳು ಊರ್ಜಿತದಲ್ಲಿರುತ್ತವೆ, ಆ ಅವಧಿಯೊಳಗೆ ನೀವು ಒಪ್ಪಿದರೆ ಅವರು ಅದಕ್ಕೆ ಬದ್ಧರು. ಏಳು ದಿನಕ್ಕಿಂತ ಕಡಿಮೆ ಅವಧಿಯ ಕೈಸಾಲಗಳಿಗೆ ಮಾತ್ರ ಇದು ಒಂದು ದಿನ. ಮತ್ತು ಅದರಲ್ಲಿ ನಮೂದಾಗದ ಯಾವ ಶುಲ್ಕವನ್ನೂ ಸಾಲದ ಅವಧಿಯಲ್ಲಿ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಏಜೆಂಟರಿಗೆ ನೀವು ಹೇಳಬೇಕಾದದ್ದು ಇಷ್ಟೇ: ‘ಕನ್ನಡದ ಕೆಎಫ್‌ಎಸ್ ಕೊಡಿ, ಓದಿ ಮೂರು ದಿನದಲ್ಲಿ ಹೇಳುತ್ತೇನೆ.’ ಅದನ್ನು ಕೊಡಲು ಹಿಂದೇಟು ಹಾಕುವವರ ಬಳಿ ಸಾಲ ಮಾಡುವ ಮಾತನ್ನು ಅಲ್ಲಿಗೇ ಬಿಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಲೆನಾಡಿನ ಶಾಖೆಗಳಲ್ಲಿ ನಾನು ಸಾಲ ವಿಭಾಗದಲ್ಲಿದ್ದ ವರ್ಷಗಳಲ್ಲಿ, ಸಹಿ ಬೀಳಬೇಕಾದ ಕಡೆಗಳಲ್ಲೆಲ್ಲ ಪೆನ್ಸಿಲಿನಲ್ಲಿ ಅಡ್ಡಗೀಟು ಹಾಕಿ ಕಾಗದದ ಕಟ್ಟನ್ನು ಮುಂದಿಡುವುದು ರೂಢಿಯಾಗಿತ್ತು. ನಾನೂ ಹಾಗೆ ಮಾಡಿದ್ದೇನೆ, ಅದಕ್ಕೆ ಇಂದಿಗೂ ನೊಂದುಕೊಳ್ಳುತ್ತೇನೆ. ನಿವೃತ್ತಿಯ ನಂತರ ಸಾಗರದ ಕಡೆಯ ತಾಯಿಯೊಬ್ಬರು ಮಗನೊಂದಿಗೆ ತಮ್ಮ ಸಾಲದ ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಮೇಜಿನ ಮೇಲೆ ಬಿಡಿಸಿ ಎಣಿಸಿದಾಗ ಮೂವತ್ತನಾಲ್ಕು ಸಹಿಗಳಿದ್ದವು, ಎಲ್ಲವೂ ಒಂದೇ ಬೈಠಕ್ಕಿನಲ್ಲಿ ಹಾಕಿದವು. ನಡುವೆ ವಿಮೆಯ ಅರ್ಜಿಯ ಒಂದು ಹಾಳೆ. ಅದರ ಆರೋಗ್ಯದ ಪ್ರಶ್ನೆಗಳೆಲ್ಲಕ್ಕೂ ಯಾರದೋ ದುಂಡನೆಯ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಿತ್ತು. ಆ ತಾಯಿ ಅನೇಕ ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವವರು. ಆ ಪ್ರಶ್ನೆಯನ್ನು ತಮಗೆ ಯಾರೂ ಕೇಳಲೇ ಇಲ್ಲವೆಂದರು. ಆ ವಿಮೆಯ ಕಂತನ್ನು ಸಾಲದಲ್ಲೇ ಮುರಿದುಕೊಂಡಿದ್ದರು, ಅದರ ಮೇಲೂ ಬಡ್ಡಿ ಓಡುತ್ತಿತ್ತು, ಮತ್ತು ಅವರಿಗೇನಾದರೂ ಆಗಿ ಮನೆಯವರು ವಿಮೆ ಕೇಳಲು ಹೋದರೆ ಆ ‘ಇಲ್ಲ’ ಎಂಬ ಎರಡಕ್ಷರವೇ ಪರಿಹಾರ ನಿರಾಕರಣೆಗೆ ಆಧಾರವಾಗಬಹುದಾಗಿತ್ತು.

ಆದ್ದರಿಂದ ವಿಮೆಯ ವಿಷಯದಲ್ಲಿ ನಿಮ್ಮ ನಿಲುವು ಸ್ಪಷ್ಟವಾಗಿರಲಿ. ಸಾಲ ಬೇಕಾದರೆ ಇಂಥದೇ ಕಂಪನಿಯ ವಿಮೆ ತೆಗೆದುಕೊಳ್ಳಬೇಕೆಂದು ಬಲವಂತ ಮಾಡುವಂತಿಲ್ಲ. ಅಡಮಾನದ ಮನೆಗೆ ಬೆಂಕಿ, ಪ್ರವಾಹದಂಥ ಅಪಾಯಗಳ ವಿಮೆ ಇರಲಿ ಎಂದು ಕೇಳುವುದು ಸಮಂಜಸ. ನಮ್ಮ ಕಡೆ ಮರ ಬಿದ್ದು, ಧರೆ ಕುಸಿದು ಮನೆ ಹಾಳಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಯಾವ ಕಂಪನಿಯದು ಎಂಬ ಆಯ್ಕೆ ನಿಮ್ಮದು. ಈಗಾಗಲೇ ಜೀವವಿಮೆಗೆ ಸಹಿ ಮಾಡಿಬಿಟ್ಟವರಿಗೂ ದಾರಿಯಿದೆ: ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳಂತೆ ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ, ಸಣ್ಣಪುಟ್ಟ ಕಡಿತಗಳ ನಂತರ ಹಣ ಮರಳಿ ಪಡೆಯಬಹುದು. ಸಾಲದ ಕಡತದೊಳಗೆ ಸೇರಿಕೊಂಡ ಪಾಲಿಸಿ ಸಾಲಗಾರನ ಕೈಗೆ ಬರುವುದೇ ಇಲ್ಲವೆಂಬುದು ನಾನು ಹೆಚ್ಚಾಗಿ ಕಂಡಿರುವ ತೊಂದರೆ, ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಕಳವಳ ತಂದ ಸಂಗತಿ ಬಡ್ಡಿಯಲ್ಲ, ಹಣ ಗುತ್ತಿಗೆದಾರರ ಖಾತೆಗೆ ನೇರವಾಗಿ ಹೋಗುತ್ತದೆ ಎಂಬುದು. ಮನೆ ರಿಪೇರಿಯ ಸಾಲದಲ್ಲಿ ಎರಡು ಒಪ್ಪಂದಗಳಿರುತ್ತವೆ. ಒಂದು ನೀವು ಮತ್ತು ಕಂಪನಿಯ ನಡುವೆ, ಇನ್ನೊಂದು ನೀವು ಮತ್ತು ಗುತ್ತಿಗೆದಾರರ ನಡುವೆ. ಮೇಸ್ತ್ರಿ ಹೆಂಚು ಇಳಿಸಿ, ಟ್ರಸ್ಸಿನ ಕಬ್ಬಿಣಕ್ಕೆ ಮುಂಗಡ ಪಡೆದು, ಬೇರೆ ಊರಿನ ಕೆಲಸಕ್ಕೆ ಹೋದನೆಂದಿಟ್ಟುಕೊಳ್ಳಿ. ನೀವು ಕಂಪನಿಗೆ ‘ಕೆಲಸ ಆಗಿಲ್ಲ, ಕಂತು ಕಟ್ಟುವುದಿಲ್ಲ’ ಎಂದರೆ ಅವರು ಕೇಳುವುದಿಲ್ಲ, ಏಕೆಂದರೆ ನಿಮ್ಮ ಒಪ್ಪಿಗೆಯ ಮೇರೆಗೆ ಹಣ ಬಿಡುಗಡೆಯಾಗಿದೆ. ಕಂತು ನಿಂತರೆ ಸುಸ್ತಿಯಾಗುವುದು ನಿಮ್ಮ ಹೆಸರು, ಕುಗ್ಗುವುದು ನಿಮ್ಮ ಸಿಬಿಲ್ ಅಂಕ, ಅಂದರೆ ಮುಂದೆ ಸಾಲ ಕೊಡುವವರು ನೋಡುವ ನಿಮ್ಮ ಮರುಪಾವತಿಯ ಅಂಕ. ಇಡೀ ಹಣ ಒಂದೇ ಸಲಕ್ಕೆ ಗುತ್ತಿಗೆದಾರರ ಕೈಗೆ ಹೋದರೆ ಅವರನ್ನು ಕೆಲಸಕ್ಕೆ ಹಿಡಿದಿಡುವ ಹಗ್ಗ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಆದ್ದರಿಂದ ಹಣ ನಿಮ್ಮ ಸ್ವಂತ ಖಾತೆಗೆ ಬರಲಿ, ಅಥವಾ ಕಂಪನಿಯ ನಿಯಮವೇ ಹಾಗಿದ್ದರೆ, ಕೆಲಸದ ಹಂತಕ್ಕೆ ತಕ್ಕಂತೆ ಮತ್ತು ಪ್ರತಿ ಹಂತಕ್ಕೂ ನಿಮ್ಮ ಸಹಿ ಪಡೆದು ಬಿಡುಗಡೆಯಾಗಲಿ ಎಂದು ಒಪ್ಪಂದದಲ್ಲೇ ಬರೆಸಿ. ಹಂತಹಂತವಾಗಿ ಬಿಡುಗಡೆಯಾದರೆ ಬಡ್ಡಿಯೂ ಬಿಡುಗಡೆಯಾದ ಹಣದ ಮೇಲೆ ಮಾತ್ರ ನಡೆಯಬೇಕು. ಮಂಜೂರಾದ ದಿನದಿಂದ ಅಥವಾ ಒಪ್ಪಂದಕ್ಕೆ ಸಹಿಯಾದ ದಿನದಿಂದ ಬಡ್ಡಿ ಹಾಕುವುದು, ಚೆಕ್ಕಿನ ಮೇಲಿನ ದಿನಾಂಕದಿಂದ ಬಡ್ಡಿ ಹಾಕಿ ಚೆಕ್ಕನ್ನು ಎಷ್ಟೋ ದಿನದ ನಂತರ ಕೊಡುವುದು, ತಿಂಗಳ ನಡುವೆ ಸಾಲ ಕೊಟ್ಟು ಪೂರ್ತಿ ತಿಂಗಳ ಬಡ್ಡಿ ಹಿಡಿಯುವುದು, ಒಂದೆರಡು ಕಂತನ್ನು ಮೊದಲೇ ಮುರಿದುಕೊಂಡು ಬಡ್ಡಿಯನ್ನು ಮಾತ್ರ ಪೂರ್ತಿ ಸಾಲದ ಮೇಲೆ ಲೆಕ್ಕ ಹಾಕುವುದು, ಇವೆಲ್ಲ ತಪಾಸಣೆಯಲ್ಲಿ ಕಂಡುಬಂದಿವೆಯೆಂದೂ ಇವು ನ್ಯಾಯವಲ್ಲವೆಂದೂ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರಂದು ಸಾಲ ಕೊಡುವ ಸಂಸ್ಥೆಗಳಿಗೆ ತಿಳಿಸಿ, ಹೆಚ್ಚು ಪಡೆದಿದ್ದನ್ನು ಹಿಂದಿರುಗಿಸುವಂತೆ ಹೇಳಿದೆ.

ಗುತ್ತಿಗೆದಾರರ ಜೊತೆಗಿನ ಒಪ್ಪಂದವನ್ನು ಬಾಂಡ್ ಪೇಪರಿನ ಮೇಲೆ, ನಿಮಗೆ ಅರ್ಥವಾಗುವ ಕನ್ನಡದಲ್ಲೇ ಬರೆಸಿ. ಟ್ರಸ್ಸಿನ ಪೈಪಿನ ದಪ್ಪ, ಹಳೆಯ ಹೆಂಚಿನಲ್ಲಿ ಎಷ್ಟನ್ನು ಮರಳಿ ಬಳಸುತ್ತಾರೆ, ಇಳಿಸಿದ ಮರ ಯಾರಿಗೆ ಸೇರುತ್ತದೆ, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ, ಯಾವ ದಿನಾಂಕದೊಳಗೆ ಮಾಡು ಮುಚ್ಚಬೇಕು ಎಂಬುದನ್ನೆಲ್ಲ ನಮೂದಿಸಿ. ಹಣವನ್ನು ಸಾಮಾನು ಬಂದಾಗ, ಟ್ರಸ್ ನಿಂತಾಗ, ಹೆಂಚು ಹೊದೆಸಿದಾಗ ಎಂದು ಭಾಗ ಮಾಡಿ. ಕೊನೆಯ ಹತ್ತನೇ ಒಂದು ಪಾಲನ್ನು ಮೊದಲ ಜೋರು ಮಳೆ ಕಳೆಯುವವರೆಗೆ ಕೈಯಲ್ಲಿಟ್ಟುಕೊಳ್ಳಿ. ಮಾಡು ಸೋರುತ್ತದೆಯೋ ಇಲ್ಲವೋ ಎಂಬುದಕ್ಕೆ ಆರಿದ್ರಾ ಮಳೆಗಿಂತ ದೊಡ್ಡ ಪರೀಕ್ಷಕರು ನಮ್ಮಲ್ಲಿಲ್ಲ, ಕೆಲಸ ಬಲ್ಲ ಮೇಸ್ತ್ರಿಗಳು ಈ ಷರತ್ತಿಗೆ ಬೇಸರಪಡುವುದೂ ಇಲ್ಲ. ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ, ಬಿಚ್ಚುವ ಮುಂಚೆ ಮತ್ತು ಪ್ರತಿ ಹಂತದಲ್ಲೂ ಫೋಟೋ ತೆಗೆದಿಡಿ.

ಇಷ್ಟಾದರೂ ಕೆಲಸ ಕೆಟ್ಟರೆ, ಮನೆ ಕಟ್ಟುವ ಕೆಲಸವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ ಎಂಬ ವ್ಯಾಖ್ಯೆಯೊಳಗೇ ಬರುತ್ತದೆ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗಿನ ವ್ಯವಹಾರಗಳನ್ನು ಜಿಲ್ಲಾ ಆಯೋಗವೇ ನೋಡುತ್ತದೆ. ಗುತ್ತಿಗೆದಾರರೇ ಏಜೆಂಟರನ್ನು ಕರೆತಂದು, ಕಂಪನಿ ನೇರವಾಗಿ ಅವರಿಗೇ ಹಣ ಕೊಟ್ಟಿದ್ದ ಸಂದರ್ಭದಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ಎಂದು ನಾನು ಸಲಹೆ ಕೊಡುತ್ತೇನೆ. ಕಂಪನಿಯ ಮುಖ್ಯ ಕಚೇರಿ ಚೆನ್ನೈಯಲ್ಲಿರಲಿ, ಮುಂಬೈಯಲ್ಲಿರಲಿ, ದೂರುದಾರನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಈ ಕಾಯ್ದೆಯ 34ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಸಾಲದ ಒಪ್ಪಂದದಲ್ಲಿ ‘ಯಾವುದೇ ವ್ಯಾಜ್ಯ ಬಂದರೆ ಇಂಥ ನಗರದಲ್ಲಿ ಮಧ್ಯಸ್ಥಿಕೆದಾರರ ಮುಂದೆ’ ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಆದರೂ ಆಯೋಗದ ಪ್ರಕರಣಗಳಿಗೆ ಕಾಲ ಹಿಡಿಯುತ್ತದೆ, ಆ ಕಾಲದಲ್ಲೂ ಕಂತು ಕಟ್ಟುತ್ತಿರಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾರಿಗೂ, ಯಾವ ಕಾರಣಕ್ಕೂ ಕೊಡಬೇಡಿ. ‘ಖಾಲಿ ಚೆಕ್ಕು ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಓಡಾಡುತ್ತದೆ, ಅದು ತಪ್ಪು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಚೆಕ್ಕಿನ ಉಳಿದ ವಿವರಗಳನ್ನು ಬೇರೆಯವರು ತುಂಬಿದ್ದರೂ ಚೆಕ್ ಬೌನ್ಸ್ ಪ್ರಕರಣದಲ್ಲಿ ಸಾಲವಿತ್ತೆಂಬ ಪೂರ್ವಭಾವನೆ ಸಹಿದಾರನ ವಿರುದ್ಧವೇ ನಡೆಯುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದು ಸುಳ್ಳೆಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಕಂತು ವಸೂಲಿಗೆ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಮ್ಯಾಂಡೇಟ್ ಸಾಕು. ಒತ್ತಾಯಿಸಿದರೆ ಮೊತ್ತ, ಹೆಸರು ಬರೆದ ಚೆಕ್ಕನ್ನು ಸಂಖ್ಯೆ ನಮೂದಿಸಿದ ರಸೀದಿ ಪಡೆದು ಕೊಡಿ. ನೆರೆಮನೆಯವರನ್ನು ಜಾಮೀನಿಗೆ ಕರೆಯುವ ಮೊದಲು ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಎಂಬುದನ್ನು ಅವರಿಗೂ ತಿಳಿಸಿ. ಸಹಿಯಾದ ಒಪ್ಪಂದದ ಪೂರ್ತಿ ಪ್ರತಿ ಮತ್ತು ಕೊಟ್ಟ ಮೂಲ ದಾಖಲೆಗಳ ಪಟ್ಟಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಎದ್ದು ಬರಬೇಡಿ.

ಈಗ ನಿಮ್ಮನ್ನು ರಾತ್ರಿ ನಿದ್ದೆಗೆಡಿಸಿರಬಹುದಾದ ಪ್ರಶ್ನೆ: ಕಂತು ತಪ್ಪಿದರೆ ಮನೆ ಹೋಗುತ್ತದೆಯೇ? ಒಂದೆರಡು ಕಂತಿಗೆ ಹೋಗುವುದಿಲ್ಲ. ಬಾಕಿ 90 ದಿನ ದಾಟಿದ ಮೇಲೆ ಖಾತೆ ಅನುತ್ಪಾದಕ, ಅಂದರೆ ವಸೂಲಾಗದ ಸಾಲ, ಎಂದು ವರ್ಗವಾಗುತ್ತದೆ. ಆಗ ಬ್ಯಾಂಕು, ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಮೊದಲು 60 ದಿನಗಳ ನೋಟಿಸು ಕೊಡಬೇಕು. ನೀವು ಆಕ್ಷೇಪಣೆ ಬರೆದರೆ ಅದಕ್ಕೆ 15 ದಿನದೊಳಗೆ ಕಾರಣಸಹಿತ ಉತ್ತರ ಕೊಡಬೇಕು. ಆಮೇಲೂ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬಾಕಿಯು 1 ಲಕ್ಷ ರೂಪಾಯಿಯೊಳಗಿದ್ದರೆ, ಅಥವಾ ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆಯಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕೃಷಿ ಜಮೀನಿನ ಮೇಲಿನ ಅಡಮಾನವೂ ಇದರ ಹೊರಗೆ. ಗೃಹ ಹಣಕಾಸು ಕಂಪನಿಯಲ್ಲದ ಸಾಮಾನ್ಯ ಬ್ಯಾಂಕೇತರ ಹಣಕಾಸು ಕಂಪನಿಗಳು 20 ಲಕ್ಷಕ್ಕಿಂತ ಕಡಿಮೆ ಸಾಲಕ್ಕೆ ಈ ಕಾಯ್ದೆಯನ್ನು ಬಳಸುವಂತಿಲ್ಲ. ಹಾಗೆಂದು ಸಾಲ ಮನ್ನಾ ಆದಂತಲ್ಲ, ಅವರು ಸಿವಿಲ್ ನ್ಯಾಯಾಲಯಕ್ಕೋ ಮಧ್ಯಸ್ಥಿಕೆಗೋ ಹೋಗಬಹುದು. ಇಷ್ಟು ಮಾತ್ರ ನಿಶ್ಚಯ: ಏಜೆಂಟರು ಬಂದು ‘ನಾಳೆ ಬೀಗ ಹಾಕುತ್ತೇವೆ’ ಎಂದು ಹೇಳುವುದಕ್ಕೆ ಯಾವ ಕಾನೂನಿನ ಬೆಂಬಲವೂ ಇಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ ಮತ್ತು ಸಂಜೆ 7ರ ನಂತರ ಫೋನು ಮಾಡುವಂತಿಲ್ಲ, ಬಂಧುಗಳಿಗೆ ಹೇಳಿ ಮಾನ ಕಳೆಯುವಂತಿಲ್ಲ, ಬೆದರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ.

ತಡವಾದ ಕಂತಿಗೆ ದಂಡ ಹಾಕಬಹುದು, ಆದರೆ ಅದನ್ನು ಬಡ್ಡಿದರಕ್ಕೆ ಸೇರಿಸಿ ‘ದಂಡಬಡ್ಡಿ’ಯಾಗಿ ಏರಿಸುವಂತಿಲ್ಲ, ದಂಡದ ಹಣವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತೆಯೂ ಇಲ್ಲ. 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ ಇದು ಜಾರಿಯಲ್ಲಿದೆ. ನಿಮ್ಮದು ಅಡಿಕೆಯ ಆದಾಯ, ಕೊಯ್ಲಿನ ತಿಂಗಳುಗಳಲ್ಲಿ ಬಂದು ಉಳಿದ ತಿಂಗಳುಗಳಲ್ಲಿ ಬತ್ತುವಂಥದ್ದು. ತಿಂಗಳಿಗೆ 16,000 ಎಂಬುದು ಸಂಬಳದವರ ಅಳತೆಯ ಕಂತು. ಆರು ತಿಂಗಳಿಗೊಮ್ಮೆ ಅಥವಾ ಕೊಯ್ಲಿಗೆ ಹೊಂದಿಸಿ ಕಂತು ಮಾಡಿಕೊಡಲು ಕೇಳಿನೋಡಿ. ಇದು ಹಕ್ಕಲ್ಲ, ಕೋರಿಕೆ ಮಾತ್ರ. ಆದರೆ ತೋಟದ ಲೆಕ್ಕ ಬಲ್ಲ ಬ್ಯಾಂಕುಗಳು, ಸೊಸೈಟಿಗಳು ಅದನ್ನು ಕಿವಿಗೆ ಹಾಕಿಕೊಳ್ಳುವ ಸಂಭವ ಹೆಚ್ಚು. ಕೊಳೆರೋಗ, ಎಲೆಚುಕ್ಕಿ ಬಂದ ವರ್ಷ ತೋಟದ ಗತಿಯೇನಾಗುತ್ತದೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಥ ವರ್ಷದಲ್ಲೂ ಕಟ್ಟಬಲ್ಲ ಕಂತನ್ನೇ ಒಪ್ಪಿಕೊಳ್ಳಿ.

ಒಳ್ಳೆಯ ಧಾರಣೆ ಬಂದ ವರ್ಷ ಬೇಗ ತೀರಿಸಲು ಹೊರಟರೆ ಏನು ಎಂಬುದನ್ನೂ ಈಗಲೇ ನೋಡಿಕೊಳ್ಳಿ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ, ವ್ಯಾಪಾರಕ್ಕಲ್ಲದ ವೈಯಕ್ತಿಕ ಸಾಲದ ಬಡ್ಡಿ ಬದಲಾಗುವ ದರದ್ದಾಗಿದ್ದರೆ ಮುಂಚಿತ ಪಾವತಿಗೆ ಶುಲ್ಕ ಹಾಕುವಂತಿಲ್ಲ. ನಿಮಗೆ ಹೇಳಿರುವುದು ಫ್ಲಾಟ್ ಲೆಕ್ಕದ ಸ್ಥಿರ ದರ. ಅದಕ್ಕೆ ಶುಲ್ಕ ಇರಬಹುದು, ಇದ್ದರೆ ಕೆಎಫ್‌ಎಸ್‌ನಲ್ಲೇ ಕಾಣಬೇಕು. ತೆರಿಗೆ ಕಟ್ಟುವವರಿಗೆ ಒಂದು ಮಾತು: ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಮಾತ್ರ ಕಡಿತ ಪಡೆಯಬಹುದು, ಹೊಸ ಮನೆಯ ಸಾಲದ 2 ಲಕ್ಷದ ಮಿತಿ ಇದಕ್ಕಿಲ್ಲ.

ದೂರಿನ ದಾರಿ ಸಾಲ ಕೊಟ್ಟವರು ಯಾರೆಂಬುದರ ಮೇಲೆ ನಿಂತಿದೆ, ಆದ್ದರಿಂದ ಕಂಪನಿಯ ನೋಂದಣಿಯನ್ನು ಮೊದಲೇ ವಿಚಾರಿಸಿ. ಬ್ಯಾಂಕು ಅಥವಾ ಬ್ಯಾಂಕೇತರ ಹಣಕಾಸು ಕಂಪನಿಯಾದರೆ ಮೊದಲು ಅವರಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರಬಹುದು, 14448 ಎಂಬ ಉಚಿತ ಸಂಖ್ಯೆಯಲ್ಲಿ ಮಾಹಿತಿ ಸಿಗುತ್ತದೆ. ಗೃಹ ಹಣಕಾಸು ಕಂಪನಿಯಾದರೆ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗುತ್ತದೆ. ಸೌಹಾರ್ದ ಅಥವಾ ಪತ್ತಿನ ಸಹಕಾರ ಸಂಘವಾದರೆ ಅದು ಬ್ಯಾಂಕಲ್ಲ. ಒಂಬುಡ್ಸ್‌ಮನ್ ಅಲ್ಲಿಗೆ ಬರುವುದಿಲ್ಲ, ನಾನು ಹೇಳಿದ ಕೆಎಫ್‌ಎಸ್ ನಿಯಮವೂ ಅದನ್ನು ಕಟ್ಟಿಹಾಕುವುದಿಲ್ಲ. ಅದರ ಮೇಲೆ ಸಹಕಾರ ಇಲಾಖೆಗೆ ಮತ್ತು ಗ್ರಾಹಕ ಆಯೋಗಕ್ಕೆ ಹೋಗಬಹುದು. ಸದಸ್ಯರಾಗಿರುವ ಸೊಸೈಟಿಯಲ್ಲಿ ಪರಿಚಯದ ವಿಶ್ವಾಸವಿರುತ್ತದೆ ನಿಜ, ಆದರೂ ಅಲ್ಲಿಯೂ ಇಳಿಕೆ ಶಿಲ್ಕಿನ ದರ ಎಷ್ಟು, ಒಟ್ಟು ಕಟ್ಟುವುದು ಎಷ್ಟು ಎಂದು ಬರೆಸಿಕೊಳ್ಳಿ.

ನಿಮ್ಮ ಮನೆಗೆ ಇ-ಸ್ವತ್ತು ಆಗಿರುವುದು ದೊಡ್ಡ ಬಲ. ಅದಿರುವಾಗ ನೀವು ಏಜೆಂಟರ ಒಂದೇ ಬಾಗಿಲಿಗೆ ಕಟ್ಟುಬೀಳಬೇಕಾಗಿಲ್ಲ. ಖಾತೆಯಿರುವ ಬ್ಯಾಂಕಿನಲ್ಲಿ ಮನೆ ದುರಸ್ತಿ ಸಾಲದ ದರ ವಿಚಾರಿಸಿ, ಎರಡು ಕಡೆಯ ಎಪಿಆರ್ ಅನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಅವಕಾಶ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಇಲ್ಲ. ಶರಾವತಿ ಮುಳುಗಡೆಯಿಂದ ಎದ್ದು ಬಂದ ಎಷ್ಟೋ ಕುಟುಂಬಗಳು, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸುವ 94ಸಿ ಅಡಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವರು, ಅಡಮಾನಕ್ಕೆ ಕಾಗದವಿಲ್ಲದೆ ಮಾಡಿನ ರಿಪೇರಿಗೂ ಕೈಸಾಲದವರ ಬಳಿಯೇ ಹೋಗಬೇಕಾಗಿದೆ. ಅಂಥವರು ಇದನ್ನು ಓದುತ್ತಿದ್ದರೆ, ನೋಂದಣಿಯಿಲ್ಲದವರ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ ಮತ್ತು 5 ಲಕ್ಷದವರೆಗೆ ದಂಡ ವಿಧಿಸುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ, ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗಬಹುದು ಎಂಬುದು ತಿಳಿದಿರಲಿ.

ಸಾಲ ತೀರಿದ ದಿನದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಐದು ವರ್ಷದ ನಂತರ ಈ ಪುಟ ನಿಮ್ಮ ಕೈಯಲ್ಲಿ ಇರಲಾರದು. ಕೊನೆಯ ಕಂತು ಕಟ್ಟಿದ 30 ದಿನದೊಳಗೆ ಮೂಲ ದಾಖಲೆಗಳನ್ನೆಲ್ಲ ಹಿಂದಿರುಗಿಸಿ, ಅಡಮಾನದ ನೋಂದಣಿಯನ್ನು ತೆಗೆಸಬೇಕು. ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮವಿದೆ. ದಾಖಲೆ ಮರಳಿ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿ, ಸಾಲ ತೀರಿದ ನಮೂದು ಅದರಲ್ಲಿ ಬಂದಿದೆಯೇ ನೋಡಿ. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು, ಅದರಲ್ಲಿಯೂ ಖಾತೆ ಮುಗಿದಿದೆ ಎಂದು ಇರಬೇಕು.

ಸದ್ಯಕ್ಕೆ ನೀವು ಮಾಡಬೇಕಾದದ್ದು ಕನ್ನಡದ ಕೆಎಫ್‌ಎಸ್ ಕೇಳುವುದು ಮತ್ತು ನಿಮ್ಮ ಬ್ಯಾಂಕಿನಿಂದಲೂ ಅಂಥದೇ ಒಂದನ್ನು ತರಿಸಿಕೊಳ್ಳುವುದು. ಎರಡೂ ಕೈಗೆ ಬಂದ ಮೇಲೆ, ಖಾತೆ ಸಂಖ್ಯೆ ಮತ್ತು ಸಹಿಗಳನ್ನು ಮುಚ್ಚಿ, ಗುತ್ತಿಗೆದಾರರು ಕೊಟ್ಟ ಅಂದಾಜುಪಟ್ಟಿಯ ಜೊತೆಗೆ ಪ್ರತಿಗಳನ್ನು ಕಳುಹಿಸಿ. ಊರ್ಜಿತದ ಆ ಮೂರು ದಿನ ಕಳೆಯುವುದರೊಳಗೆ ಓದಿ, ಸಾಲುಸಾಲಾಗಿ ಗುರುತು ಹಾಕಿ ಹಿಂದಿರುಗಿಸುತ್ತೇನೆ.